ಚಕಮಕಿ ಪಿಸ್ತೂಲು: ಅಗ್ಗದ ಆಸೆಗೆ ಬೆರಳಿನ ಬೆಲೆ!

ಹಿತ್ತಾಳೆ ಪಟ್ಟಿ, ಮರದ ಹಿಡಿ, ಕೊಕ್ಕಿನ ಹಾಗೆ ಬಾಗಿದ ಕುದುರೆ, ಅದರ ಬಾಯಲ್ಲಿ ಒಂದು ತುಂಡು ಚಕಮಕಿ ಕಲ್ಲು. ನೋಡಿದವರು ಟಿಪ್ಪುವಿನ ಕಾಲದ್ದೇ ಇರಬೇಕು ಅನ್ನಬೇಕು, ಅಂಥ ಪಿಸ್ತೂಲು. ಅಲಂಕಾರದ ಸಾಮಾನು ಮಾರುವವರ ಹತ್ತಿರ ಇದು ಸಾಧಾರಣ ಮೊಬೈಲ್ ಫೋನಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಶೋಕೇಸಿಗೆ ಹೇಳಿ ಮಾಡಿಸಿದ ಮಾಲು. ಅಷ್ಟಕ್ಕೇ ನಿಂತರೆ ಯಾರದೂ ತಕರಾರಿಲ್ಲ.

ತಕರಾರು ಶುರುವಾಗುವುದು ಕೊಂಡವನ ತಲೆಯಲ್ಲಿ ಲೆಕ್ಕ ಶುರುವಾದಾಗ. ಮಡಿಕೇರಿಯ ಟೀ ಅಂಗಡಿ ಬೆಂಚಿನ ಮೇಲೆ ಆ ಲೆಕ್ಕ ಹೀಗೆ ಸಾಗುತ್ತದೆ:

“ಅಣ್ಣಾ, ಇದಕ್ಕೊಂದು ತೂತು ಕೊರೆಸಿದ್ರೆ ಸಾಕಂತೆ. ಭಾನುವಾರ ಭಾನುವಾರ ತೆಂಗಿನಕಾಯಿಗೆ ಹೊಡೀಬಹುದು.”

“ಒಡೆಯೋದು ಕಾಯೋ ನಿನ್ನ ಕೈಯೋ, ಮೊದಲು ಅದನ್ನ ತಿಳ್ಕೋ ಮಾರಾಯ!”

ಹಿರಿಯನ ಮಾತೇ ಸರಿ. ಏಕೆಂದು ನೋಡೋಣ.

ತೂತು ಏಕಿಲ್ಲ?

ಚಕಮಕಿ ಪಿಸ್ತೂಲಿನ ಕೆಲಸ ಬಹಳ ಸರಳ. ಕುದುರೆ ಬಿದ್ದಾಗ ಕಲ್ಲು ಉಕ್ಕಿನ ತಗಡನ್ನು ಉಜ್ಜುತ್ತದೆ. ಕಿಡಿ ಕೆಳಗಿನ ಪುಟ್ಟ ಬಟ್ಟಲಿನ ಮದ್ದಿಗೆ ಬೀಳುತ್ತದೆ. ಆ ಬೆಂಕಿ ನಳಿಗೆಯ ಬದಿಯ ಸಣ್ಣ ತೂತಿನ ಮೂಲಕ ಒಳಗೆ ಹೋಗಿ ಮುಖ್ಯ ಮದ್ದನ್ನು ಹೊತ್ತಿಸುತ್ತದೆ. ಆ ತೂತಿಲ್ಲದಿದ್ದರೆ ಪಿಸ್ತೂಲು ಬರೀ ಬೊಂಬೆ.

ನಮ್ಮ ದೇಶದಲ್ಲೇ ತಯಾರಾಗಿ ಅಮೆರಿಕ, ಕೆನಡಾಗಳಿಗೆ ಹೋಗುವ ಹಳೇ ಮಾದರಿಯ ಕೋವಿ, ಪಿಸ್ತೂಲುಗಳಲ್ಲಿ ಬಹುಪಾಲು ಈ ತೂತು ಕೊರೆಯದೆಯೇ ಹೋಗುತ್ತವೆ. ಕಾಗದದ ಮೇಲೆ ಅವು ಅಲಂಕಾರದ ವಸ್ತುಗಳು. ತೂತಿಲ್ಲ ಅನ್ನುವುದು ತಯಾರಕನ ಮರೆವಲ್ಲ ಸ್ವಾಮಿ, ‘ಇದು ಹೊಡೆಯುವುದಕ್ಕಲ್ಲ’ ಎಂಬ ಎಚ್ಚರಿಕೆ. ಅದನ್ನು ಲೇತ್ ಅಂಗಡಿಯಲ್ಲಿ ಐದು ನಿಮಿಷದಲ್ಲಿ ಅಳಿಸಿಹಾಕುವುದು ಜಾಣತನವೇ?

ಶೋಕೇಸಿನ ಮಾಲಿನಲ್ಲಿ ನಳಿಗೆ ಯಾವ ಲೋಹದ್ದು, ಬುಡವನ್ನು ಹೇಗೆ ಮುಚ್ಚಿದ್ದಾರೆ, ಕೊಂಡವನಿಗೆ ಗೊತ್ತಿರುವುದಿಲ್ಲ. ಒತ್ತಡಕ್ಕೆ ಬುಡ ಕಿತ್ತು ಬಂದರೆ ಅದು ಬರುವುದು ಹಿಡಿದವನ ಮುಖದ ಕಡೆಗೇ. ಅದರ ಮೇಲೆ ಯಾರೋ ಬುದ್ಧಿವಂತ ಕರಿಮದ್ದಿನ ಬದಲು ಈಗಿನ ತೋಟದೊಳಗಿನ ಹೊಗೆಯಿಲ್ಲದ ಮದ್ದು ತುಂಬಿದನೋ, ಮುಗಿಯಿತು ಕಥೆ. ಒಳ್ಳೆಯ ಹಳೇ ಮಾದರಿ ನಳಿಗೆಯೂ ಆ ಒತ್ತಡಕ್ಕೆ ಸಿಡಿಯಬಹುದು. ಇನ್ನು ಬೊಂಬೆಯ ಪಾಡೇನು?

ಹೊರಗಿನವರು ಹೊಡೆಯುವುದಿಲ್ಲವೇ?

ಹೊಡೆಯುತ್ತಾರೆ. ಇಟಲಿಯ ಗಾರ್ಡೋನೆ ವಾಲ್ ಟ್ರೊಂಪಿಯಾ ಕೋವಿ ಕೆಲಸಕ್ಕೆ ಹೆಸರಾದ ಕಣಿವೆ ಊರು. ಹೊಡೆಯುವುದಕ್ಕೆಂದೇ ಮಾಡಿದ ಹಳೇ ಮಾದರಿಯ ಹೊಸ ಪಿಸ್ತೂಲುಗಳು ಅಲ್ಲಿಂದ ಬರುತ್ತವೆ. ಮೂತಿಯಿಂದ ಮದ್ದು ತುಂಬುವ ಕೋವಿಗಳಿಗೇ ಮೀಸಲಾದ ಒಂದು ಅಂತರರಾಷ್ಟ್ರೀಯ ಸಮಿತಿ 1971ರಿಂದ ಇದೆ. ಅದರ ಪಂದ್ಯಗಳಲ್ಲಿ ಚಕಮಕಿ ಪಿಸ್ತೂಲಿಗೆ 25 ಮೀಟರ್ ದೂರದ ಗುರಿ. ಅಸಲಿ ಹಳೆಯದಕ್ಕೆ ಬೇರೆ, ಹೊಸ ನಕಲಿಗೆ ಬೇರೆ ವಿಭಾಗ. ಅಂದರೆ ನಕಲಿ ಅನ್ನುವುದು ಅವಮಾನವೇನಲ್ಲ.

ಆದರೆ ಆ ನಕಲಿಗೂ ಶೋಕೇಸಿನ ನಕಲಿಗೂ ಅಜಗಜಾಂತರ. ಅಲ್ಲಿ ನಳಿಗೆಗೆ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ತಡೆದುಕೊಂಡರೆ ಮಾತ್ರ ಮುದ್ರೆ ಒತ್ತುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಈ ಪರೀಕ್ಷೆಗೆಂದೇ 1813ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗಿದರೆ ಗಿರಾಕಿ ಸುಮ್ಮನಿರುತ್ತಾನೆಯೇ? ಮುದ್ರೆಯಿಲ್ಲದ ನಳಿಗೆಗೆ ಕೈಯೊಡ್ಡುವಾಗ ಮಾತ್ರ ಸುಮ್ಮನಿರಬೇಕೇ?

ಖರ್ಚಿನ ಲೆಕ್ಕವೂ ಪಿಸ್ತೂಲಿಗೇ ಮುಗಿಯುವುದಿಲ್ಲ. ಕಲ್ಲು ಸವೆಯುತ್ತದೆ, ಬದಲಿಸಬೇಕು. ತಗಡಿನ ಉಕ್ಕು ಮೆದುವಾಗಿದ್ದರೆ ಕಿಡಿಯೇ ಬರದು. ಮದ್ದು, ಸೀಸದ ಗುಂಡು, ಅದಕ್ಕೆ ಸುತ್ತುವ ಬಟ್ಟೆ ಬೇಕು. ಕರಿಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ. ಅದೇ ದಿನ ಬಿಸಿನೀರಲ್ಲಿ ತೊಳೆದು ಎಣ್ಣೆ ಸವರದಿದ್ದರೆ ತುಕ್ಕು ಗ್ಯಾರಂಟಿ. ಕೊಡಗಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಕುದುರೆಗಿಂತ ಲಗಾಮು ದುಬಾರಿ ಅನ್ನುವುದು ಇದಕ್ಕೇ.

ವಿನಾಯಿತಿ ಪಿಸ್ತೂಲಿಗಿಲ್ಲ

“ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ!” ಅನ್ನುವ ಮಾತು ಬಸ್ಸಿನ ಹಿಂದಿನ ಸೀಟಿನಲ್ಲಿ ದಿನಾ ಕೇಳಿಬರುತ್ತದೆ. ಅರ್ಧ ಸತ್ಯ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡಗಿನವರನ್ನು ನಿಶ್ಶಸ್ತ್ರೀಕರಣ ಕಾಯಿದೆಯಿಂದ ಬಿಟ್ಟದ್ದು ನಿಜ. ಇಂದಿಗೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇರುವುದೂ ನಿಜ. ಆದರೆ ಯಾವುದಕ್ಕೆ? ಒಂದು ರೈಫಲ್, 100 ಗುಂಡು. ಒಂದು ನಯವಾದ ನಳಿಗೆಯ ಕೋವಿ, 500 ತೋಟ ಅಥವಾ ಅದಕ್ಕೆ ಸಮನಾದ ಚರೆ, ಮದ್ದು. ಅಷ್ಟೇ. ಪಿಸ್ತೂಲು ಆ ಪಟ್ಟಿಯಲ್ಲಿಲ್ಲ. ಹಳೇ ಮಾದರಿ, ಕಲ್ಲಿನ ಕಿಡಿ ಎಂದು ಸಬೂಬು ಹೇಳಿದರೂ ಪಿಸ್ತೂಲು ಪಿಸ್ತೂಲೇ.

1959ರ ಶಸ್ತ್ರಾಸ್ತ್ರ ಕಾಯಿದೆ ಪುರಾತನ ಆಯುಧಕ್ಕೆ ರಿಯಾಯಿತಿ ಕೊಡುತ್ತದೆ. ಅದು ಹಾರಿಸಲು ಬಾರದ್ದಾಗಿದ್ದರೆ, ಹಾರಿಸುವ ಉದ್ದೇಶವೂ ಇಲ್ಲದಿದ್ದರೆ. ಬೊಂಬೆ ಬಂದೂಕನ್ನು ಲೈಸೆನ್ಸ್ ಇಲ್ಲದೆ ನಿಜ ಬಂದೂಕಾಗಿ ಮಾರ್ಪಡಿಸುವುದು ಅದೇ ಕಾಯಿದೆಯ 6ನೇ ಕಲಮಿನ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ 7 ವರ್ಷಕ್ಕೆ ಕಡಿಮೆಯಿಲ್ಲದ ಸಜೆ. ಒಂದು ತೂತಿಗೆ ಏಳು ವರ್ಷ! ಕೊರೆದುಕೊಟ್ಟ ಲೇತಿನವನೂ ‘ನನಗೇನು ಗೊತ್ತು’ ಎಂದು ಪಾರಾಗುವಂತಿಲ್ಲ.

ಹೋಗುವುದು ಯಾರ ಮಾನ?

ಕೊಡಗಿನಲ್ಲಿ ಕೋವಿ ಆಟದ ಸಾಮಾನಲ್ಲ. ಗಂಡುಮಗು ಹುಟ್ಟಿದರೆ ಒಂದು ಈಡು, ಸತ್ತವರ ಮನೆಯಲ್ಲಿ ಎರಡು. ಕೈಲ್ ಪೊಳ್ದ್‌ಗೆ ತೋಕ್ ಪೂ ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಪುತ್ತರಿಗೆ ಕದಿರು ಕೊಯ್ಯುವಾಗ ಈಡು. ಈ ವಿನಾಯಿತಿಯನ್ನು ಕೆಲವರು ಕೋರ್ಟಿಗೂ ಎಳೆದರು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಅಂದರೆ 2029ಕ್ಕೆ ಮತ್ತೆ ಪ್ರಶ್ನೆ ಎದ್ದೇ ಏಳುತ್ತದೆ. ಆಗ ‘ಇವರ ಊರಲ್ಲಿ ಬೊಂಬೆ ಪಿಸ್ತೂಲು ಸಿಡಿದು ಹುಡುಗನ ಕೈ ಹೋಯಿತು’ ಎಂಬ ಒಂದೇ ಒಂದು ಕೇಸು ಎದುರಾಳಿಗೆ ಸಾಕು. ತಪ್ಪು ಒಬ್ಬನದು, ದಂಡ ಊರಿಗೆಲ್ಲ.

ಹಾಗಾದರೆ ಹುಡುಗರ ಆಸೆಗೆ ದಾರಿ?

ಗುರಿ ಹೊಡೆಯುವ ಆಸೆ ತಪ್ಪಲ್ಲ. ವಾರವಾರವೂ ಹೊಡೆಯಬೇಕು, ಖರ್ಚೂ ಕಮ್ಮಿಯಿರಬೇಕು ಅನ್ನುವವನಿಗೆ ಗಾಳಿ ಪಿಸ್ತೂಲಿದೆ. ಕಾನೂನಿನ ಶಕ್ತಿಮಿತಿಯೊಳಗಿನದಕ್ಕೆ ಲೈಸೆನ್ಸ್ ಬೇಡ. ಮದ್ದಿಲ್ಲ, ಮಸಿಯಿಲ್ಲ, 4.5 ಮಿ.ಮೀ. ಸೀಸದ ಚರೆ ಸಾಕು. ಹತ್ತು ಮೀಟರ್ ಜಾಗ, ಹಿಂದೆ ಗಟ್ಟಿ ಗೋಡೆ ಇದ್ದರೆ ಶಾಲೆಯ ಹಾಲ್ ಕೂಡ ಆದೀತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚು ತಂದದ್ದು ಈ ಹತ್ತು ಮೀಟರ್ ಗಾಳಿ ಪಿಸ್ತೂಲಿನಿಂದಲೇ.

ಕೈಲ್ ಪೊಳ್ದ್ ಬಂದಾಗ ತೆಂಗಿನಕಾಯಿ ಕಟ್ಟುವ ಸಂಘಗಳು ತಾಲ್ಲೂಕಿಗೊಂದು ಇಂಥ ಅಂಕಣಕ್ಕೆ ಮನಸ್ಸು ಮಾಡಲಿ. ಪಂಚಾಯಿತಿಗಳು ಜಾಗ ಕೊಡಲಿ. ಯಾವುದಕ್ಕೆ ವಿನಾಯಿತಿ ಉಂಟು, ಯಾವುದಕ್ಕೆ ಇಲ್ಲ ಎಂಬುದನ್ನು ಪೊಲೀಸ್ ಠಾಣೆಯ ಬಾಗಿಲಲ್ಲಿ ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದು ಹಾಕಲಿ. ಅಲಂಕಾರದ ಪಿಸ್ತೂಲು ಮಾರುವ ಅಂಗಡಿಯವರು ‘ಇದು ಗೋಡೆಗೆ ಮಾತ್ರ’ ಎಂದು ಬಾಯಿಬಿಟ್ಟು ಹೇಳಿಯೇ ಬಿಲ್ಲು ಕೊಡಲಿ. ಒಂದು ಮಾತಿಗೆ ಲಾಭವೇನೂ ಕರಗುವುದಿಲ್ಲ.

ಲೇತ್ ಅಂಗಡಿಯವರಿಗಂತೂ ಕೊನೆಯ ಮಾತು: ಯಾರಾದರೂ ಪೊಟ್ಟಣದಲ್ಲಿ ಹಿತ್ತಾಳೆ ಪಿಸ್ತೂಲು ಸುತ್ತಿಕೊಂಡು ಬಂದು “ಸಣ್ಣದೊಂದು ತೂತು ಹಾಕಿಕೊಡಿ ಸಾರ್” ಅಂದರೆ, ಟೀ ಕುಡಿಸಿ ವಾಪಸು ಕಳಿಸಿ. ಟೀ ದುಡ್ಡಷ್ಟೇ ಹೋದೀತು, ಅವನ ಹತ್ತು ಬೆರಳೂ ಉಳಿದಾವು.