ಹಳೆಯ ಬೈಕಿಗೆ ಹೊಂದುವ ಪೆಟ್ರೋಲೂ ಸಿಗಲಿ



2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಈಗ ಬಹುತೇಕ ಎಲ್ಲ ಬಂಕ್‌ಗಳಲ್ಲೂ ಇದೆ. ಎಥನಾಲ್ ತಯಾರಿಕೆಗೆ ಬೇಕಾದ ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತರಿಗೆ ಇದರಿಂದ ನಾಲ್ಕು ಕಾಸು ಹೆಚ್ಚು ಸಿಕ್ಕರೆ ಸಂತೋಷವೇ. ಆದರೆ ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಕಾರ್ಬ್ಯುರೇಟರ್ ಇರುವ ಹಳೆಯ ಬೈಕುಗಳು ಇನ್ನೂ ಸಾಕಷ್ಟಿವೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಬೈಕಿನ ಟ್ಯಾಂಕಿಗೆ ನೀರು ಸೇರಿದರೆ ಅದು ಎಥನಾಲ್ ಜೊತೆಗೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಅಲ್ಲಿ ತುಕ್ಕು ಹಿಡಿಯುತ್ತದೆ, ಆ ಕಸ ಕಾರ್ಬ್ಯುರೇಟರಿನ ಜೆಟ್‌ನಲ್ಲಿ ಕಟ್ಟಿಕೊಂಡು ಎಂಜಿನ್ ನಿಲ್ಲುತ್ತದೆ. ಎಥನಾಲ್ ತಾಳದ ಹಳೆಯ ರಬ್ಬರ್ ಪೈಪು, ವಾಷರ್‌ಗಳು ಉಬ್ಬಿ ಬಿರುಕು ಬಿಡಬಹುದು. ಬಿಸಿ ಎಂಜಿನ್ ಪಕ್ಕದಲ್ಲೇ ಪೆಟ್ರೋಲ್ ಸೋರುವುದು ಸಣ್ಣ ಅಪಾಯವಲ್ಲ. ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಮೈಲೇಜ್ ಇಳಿದರೂ ಅದಕ್ಕೆ ತಕ್ಕಂತೆ ದರ ಇಳಿದಿಲ್ಲ.

ತಾಲ್ಲೂಕಿಗೊಂದು ಬಂಕ್‌ನಲ್ಲಾದರೂ ಕಡಿಮೆ ಮಿಶ್ರಣದ ಪೆಟ್ರೋಲ್ ಕೊಡಬೇಕು. ಎಥನಾಲ್ ಪ್ರಮಾಣವನ್ನು ಪ್ರತಿ ಪಂಪಿನ ಮೇಲೆ ಕನ್ನಡದಲ್ಲಿ ಬರೆಸಬೇಕು. ಹಳೆಯ ಮಾದರಿಗಳಿಗೆ ಎಥನಾಲ್ ತಾಳುವ ಪೈಪು, ಸೀಲುಗಳನ್ನು ತಯಾರಕರು ರಿಯಾಯಿತಿ ದರದಲ್ಲಿ ಒದಗಿಸುವಂತೆ ಕೇಂದ್ರ ಪೆಟ್ರೋಲಿಯಂ ಸಚಿವಾಲಯ ಕ್ರಮ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ತೀರ್ಥಹಳ್ಳಿ