ಬೆನ್ನಿಗೊಂದು ಕಾಪು

ವ್ಯಾಪಾರಿಯ ಮನೆಯಲ್ಲಿ ಗಲ್ಲಾಪೆಟ್ಟಿಗೆಗೆ ಬೀಗವಿರುತ್ತದೆ. ಗೋದಾಮಿನ ಮಾಲಿಗೆ ವಿಮೆ ಇರುತ್ತದೆ. ಸಾಲ ಕೊಟ್ಟರೆ ಕಾಗದ ಪತ್ರವಿರುತ್ತದೆ. ಆದರೆ ದಿನವೂ ಮೋಟಾರ್ ಸೈಕಲ್ ಏರಿ ವಸೂಲಿಗೆ, ಖರೀದಿಗೆ, ಆರ್ಡರಿಗೆ ಸುತ್ತುವ ಮನೆಯ ಮಗನ ಬೆನ್ನಿನ ಮೇಲೆ ಏನಿರುತ್ತದೆ? ಒಂದು ಹತ್ತಿಯ ಅಂಗಿ, ಅದರ ಮೇಲೊಂದು ಸ್ಯಾಂಪಲ್ಲಿನ ಚೀಲ. ಅಷ್ಟೆ.

ಈ ಸಲ ನಾವು ಬೆನ್ನುಕಾಪಿನ ವಿಷಯ ಎತ್ತಿಕೊಂಡಿದ್ದೇವೆ. ಅಂಗಡಿಗಳಲ್ಲಿ ಇದನ್ನು 'ಬ್ಯಾಕ್ ಪ್ರೊಟೆಕ್ಟರ್' ಎನ್ನುತ್ತಾರೆ. ಇದು ರೇಸಿಗೆ ಹೋಗುವವರ ಶೋಕಿಯ ವಸ್ತು ಎಂಬ ಭಾವನೆ ಹಿರಿಯರಲ್ಲಿದೆ. ದಿನದ ಓಡಾಟಕ್ಕೆ ಇದು ಬೇಕೆ, ಬೇಕಾದರೆ ಎಂಥದ್ದು ಬೇಕು ಎಂಬುದನ್ನು ವಿಚಾರ ಮಾಡೋಣ.

ಪಲ್ಲಡಂ ರಸ್ತೆಯ ಮಾತು

ಉದಾಹರಣೆಗೆ ಪಲ್ಲಡಮ್ಮನ್ನೇ ನೋಡಿ. ಮಗ್ಗಗಳ ಊರು. 2009ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಅನಂತರ ತಿರುಪ್ಪೂರು ಜಿಲ್ಲೆಗೆ ಸೇರಿತು. ಕೊಯಮತ್ತೂರಿನಿಂದ ತಿರುಚಿನಾಪಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 81 ಈ ಊರನ್ನು ಹಾದುಹೋಗುತ್ತದೆ. ತಿರುಪ್ಪೂರು, ಉಡುಮಲೈ, ಪೊಳ್ಳಾಚಿ, ಧಾರಾಪುರದ ರಸ್ತೆಗಳೂ ಬಂದು ಕೂಡುತ್ತವೆ. ತಿರುಪ್ಪೂರಿನ ಹೊಸೈರಿಗೆ ಇಲ್ಲಿಂದ ಸುಮಾರು 15 ಕಿಲೋಮೀಟರು, ಕೊಯಮತ್ತೂರಿಗೆ ಸುಮಾರು 35. ಬಟ್ಟೆಯ ವ್ಯಾಪಾರದಲ್ಲಿರುವ ಹುಡುಗನಿಗೆ ಇದು ಬಸ್ಸಿಗೆ ಕಾಯುವ ದೂರವೂ ಅಲ್ಲ, ಕಾರು ತೆಗೆಯುವ ದೂರವೂ ಅಲ್ಲ. ಬೈಕಿನ ದೂರ.

ಈ ಸೀಮೆಗೆ ಇನ್ನೊಂದು ವಿಶೇಷವಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಪಾಲಕ್ಕಾಡಿನ ಕಣಿವೆಯ ಬಾಯಿಂದ ನುಗ್ಗುವ ಗಾಳಿ. ಅಲ್ಲಿಯ ಜನ ಆಡಿ ತಿಂಗಳ ಗಾಳಿ ಎನ್ನುತ್ತಾರೆ, ನಮಗೆ ಆಷಾಢದ ಗಾಳಿ. ಪಲ್ಲಡಂ, ಉಡುಮಲೈ ಸುತ್ತಿನ ಗಾಳಿಯಂತ್ರಗಳೆಲ್ಲ ನಿಂತಿರುವುದು ಇದೇ ಗಾಳಿಯನ್ನು ನಂಬಿ. ಪಕ್ಕದಲ್ಲಿ ಲಾರಿ ಹೋಗುವಾಗ ಗಾಳಿಗೆ ಮರೆಯಾಗಿ, ಲಾರಿ ದಾಟಿದ ಕೂಡಲೆ ಒಮ್ಮೆಗೇ ಗಾಳಿ ತಗುಲಿದರೆ ಹಗುರ ಬೈಕು ಮೊಳದಷ್ಟು ಸರಿಯುತ್ತದೆ. ನಿಧಾನವಾಗಿ ಹೋಗುವವನೂ ಬೀಳುತ್ತಾನೆ. ಬೀಳುವುದಕ್ಕೆ ರೇಸೇ ಆಗಬೇಕೆಂದಿಲ್ಲ.

ಮೊದಲು ತಲೆ, ಆಮೇಲೆ ಬೆನ್ನು

ಕಾನೂನು ಕೇಳುವುದು ಹೆಲ್ಮೆಟ್ಟನ್ನು. 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಮು ಓಡಿಸುವವರಿಗೂ ಹಿಂದೆ ಕೂರುವವರಿಗೂ ಒಂದೇ. ಐಎಸ್ 4151 ಅಂಕಿಯ ಐಎಸ್ಐ ಗುರುತಿನ ಹೆಲ್ಮೆಟ್ಟು, ಕೆಳಗೆ ಬಿಗಿದ ಪಟ್ಟಿ, ಇವು ಮೊದಲು. ಬೆನ್ನುಕಾಪನ್ನು ಯಾವ ಪೋಲೀಸರೂ ಕೇಳುವುದಿಲ್ಲ. ಆದ್ದರಿಂದ ಅದು ಮನೆಯವರೇ ಯೋಚಿಸಬೇಕಾದ ವಿಷಯ. ಕೈಮೂಳೆ ಮುರಿದರೆ ಕೂಡುತ್ತದೆ. ಬೆನ್ನುಮೂಳೆಯ ಒಳಗಿನ ಬೆನ್ನುಹುರಿ ತುಂಡಾದರೆ ಕೂಡಿಸುವ ವಿದ್ಯೆ ಇಂದಿಗೂ ವೈದ್ಯರ ಕೈಗೆ ಬಂದಿಲ್ಲ.

ಹಾಗೆಂದು ಕಾಪು ಮಾಡದ ಕೆಲಸವನ್ನು ಅದರ ಲೆಕ್ಕಕ್ಕೆ ಬರೆಯಬಾರದು. ಕಲ್ಲು, ಫುಟ್‌ಪಾತಿನ ಅಂಚು, ಡಿವೈಡರಿನ ಮೂಲೆ ನೇರವಾಗಿ ಬೆನ್ನಿಗೆ ಬಡಿದಾಗ ಅದು ಪೆಟ್ಟನ್ನು ಹೀರಿ ಹರಡುತ್ತದೆ. ದೇಹ ಮಡಿಸಿಕೊಂಡಾಗ, ತಿರುಚಿಕೊಂಡಾಗ, ತಲೆಕೆಳಗಾಗಿ ಬಿದ್ದಾಗ ಆಗುವ ಬೆನ್ನುಮೂಳೆಯ ಗಾಯವನ್ನು ಅದು ತಡೆಯಲಾರದು. ದೊಡ್ಡ ಗಾಯಗಳಲ್ಲಿ ಬಹುಪಾಲು ಈ ಎರಡನೆಯ ಬಗೆಯವು. 'ಇದನ್ನು ಹಾಕಿಕೊಂಡರೆ ಬೆನ್ನಿಗೆ ಏನೂ ಆಗದು' ಎಂದು ಹೇಳಿ ಮಾರುವವನ ಮಾತನ್ನು ನಂಬಬೇಡಿ. ಲಾಭ ಇದೆ, ಆದರೆ ಅದಕ್ಕೊಂದು ಮಿತಿ ಇದೆ.

ಇದರ ಹುಟ್ಟು ರೇಸಿನಲ್ಲೇ ಎಂಬುದು ನಿಜ. ಬ್ರಿಟನ್ನಿನ ಬ್ಯಾರಿ ಶೀನ್ 1975ರಲ್ಲಿ ಅಮೆರಿಕದ ಡೇಟೋನಾದಲ್ಲಿ ಭೀಕರವಾಗಿ ಬಿದ್ದು ಬದುಕಿದರು, 1976 ಮತ್ತು 1977ರಲ್ಲಿ ವಿಶ್ವ ಚಾಂಪಿಯನ್ ಆದರು. ಆ ದಶಕದ ಕೊನೆಗೆ ಇಟಲಿಯ ದೈನೆಸೆ ಸಂಸ್ಥೆ ಒಂದರ ಮೇಲೊಂದು ಕೂರುವ ಪದರಗಳ ಬೆನ್ನುಕಾಪು ಮಾಡಿದಾಗ ಅದರ ಹಿಂದೆ ಶೀನ್ ಅವರ ಅನುಭವವೂ ಇತ್ತು. ಅಲ್ಲಿಂದ ಅದು ಇಳಿದಿಳಿದು ಸಾಮಾನ್ಯ ಸವಾರನ ಜಾಕೀಟಿನ ಜೇಬಿಗೆ ಬಂದಿದೆ.

ಲೇಬಲ್ ಓದುವ ವಿಧಾನ

ಲೇಬಲ್ ನೋಡದೆ ಮಾಲು ಕೊಳ್ಳುವವರು ನಮ್ಮಲ್ಲಿಲ್ಲ. ಇಲ್ಲಿಯೂ ಅದೇ ಬುದ್ಧಿ ಉಪಯೋಗಿಸಿ. ಬೆನ್ನುಕಾಪಿಗೆಂದೇ ಇರುವ ಐರೋಪ್ಯ ಮಾನಕದ ಹೆಸರು ಇಎನ್ 1621-2. ಈ ಅಂಕಿ ಕಾಪಿನ ಮೇಲೇ ಇರಬೇಕು, ಡಬ್ಬಿಯ ಮೇಲಿದ್ದರೆ ಸಾಲದು. 1621-1 ಎಂದಿದ್ದರೆ ಅದು ಮೊಣಕೈ, ಮಂಡಿ, ಭುಜಗಳ ಲೆಕ್ಕ. ಅದನ್ನು ಬೆನ್ನಿಗೆ ಒಪ್ಪಬಾರದು.

ಪರೀಕ್ಷೆ ಸರಳವಾದದ್ದು. ಸುಮಾರು 5 ಕಿಲೋ ತೂಕವನ್ನು ಒಂದು ಮೀಟರು ಎತ್ತರದಿಂದ ಕಾಪಿನ ಮೇಲೆ ಬೀಳಿಸುತ್ತಾರೆ. ಅಂದರೆ 50 ಜೌಲ್ ಪೆಟ್ಟು. ಅದರಲ್ಲಿ ಕೆಳಗಿನವರೆಗೆ ಎಷ್ಟು ಮುಟ್ಟಿತು ಎಂದು ಅಳೆಯುತ್ತಾರೆ. ಸರಾಸರಿ 18 ಕಿಲೋನ್ಯೂಟನ್ ಮೀರದಿದ್ದರೆ ಒಂದನೇ ಲೆವೆಲ್. 9 ಮೀರದಿದ್ದರೆ ಎರಡನೇ ಲೆವೆಲ್. ಒಂದು ಕಿಲೋನ್ಯೂಟನ್ ಎಂದರೆ ಹೆಚ್ಚುಕಡಿಮೆ 100 ಕಿಲೋ ಭಾರ. ಎರಡನೇ ಲೆವೆಲ್ಲಿನಲ್ಲಿ ಬೆನ್ನಿಗೆ ಮುಟ್ಟುವುದು ಒಂದನೆಯದರ ಅರ್ಧ. ಬೆಲೆಯ ವ್ಯತ್ಯಾಸ ಕೈಗೆಟುಕುವಂತಿದ್ದರೆ ಎರಡನೆಯದನ್ನೇ ಕೊಳ್ಳುವುದು ಲಾಭದ ವ್ಯಾಪಾರ.

ಅಕ್ಷರಗಳನ್ನೂ ನೋಡಿ. 'ಎಫ್‌ಬಿ' ಎಂದರೆ ಇಡೀ ಬೆನ್ನು, ಭುಜದ ಹಲಗೆಯೂ ಸೇರಿ. 'ಸಿಬಿ' ಎಂದರೆ ನಡುಬೆನ್ನು ಮಾತ್ರ. 'ಎಲ್‌ಬಿ' ಎಂದರೆ ಸೊಂಟದ ಭಾಗ. 'ಟಿ' ಮುಂದೆ ಕೂಡುವ ಗುರುತಿದ್ದರೆ 40 ಡಿಗ್ರಿ ಸೆಖೆಯಲ್ಲೂ ಪರೀಕ್ಷೆಯಾಗಿದೆ ಎಂದರ್ಥ. ಬಿಸಿಗೆ ಮೆದುವಾಗುವ ಫೋಮುಗಳಿವೆ, ಆದ್ದರಿಂದ ಏಪ್ರಿಲ್ ಮೇ ತಿಂಗಳ ಪಲ್ಲಡಮ್ಮಿಗೆ ಈ ಗುರುತು ಬಹಳ ಬೇಕಾದದ್ದು.

ಒಂದು ಎಚ್ಚರಿಕೆ. ಜಾಕೀಟು ಕೊಂಡಾಗ ಬೆನ್ನಿನ ಜೇಬಿನಲ್ಲಿ ಒಂದು ತೆಳು ಸ್ಪಂಜಿನ ಹಾಳೆ ಇಟ್ಟುಕೊಟ್ಟಿರುತ್ತಾರೆ. ತೆಗೆದು ನೋಡಿ. ಅಂಕಿ ಇಲ್ಲ, ಗುರುತು ಇಲ್ಲ ಎಂದಾದರೆ ಅದು ಜೇಬು ತುಂಬಲು ಇಟ್ಟದ್ದು. ಅದರ ಜಾಗಕ್ಕೆ ಪರೀಕ್ಷೆಯಾದ ಕಾಪನ್ನು ಹಾಕಿಸಿ.

ಯಾವ ಬಗೆ?

ಬಗೆಗಳು ಎರಡು. ಜಾಕೀಟಿನ ಒಳಜೇಬಿಗೆ ತೂರಿಸುವಂಥದ್ದು ಒಂದು. ಜಾಕೀಟು ತೊಟ್ಟರೆ ಇದೂ ಬಂತು, ಬೇರೆ ರಗಳೆಯಿಲ್ಲ. ಆದರೆ ಜಾಕೀಟು ಸಡಿಲವಿದ್ದರೆ ಬಿದ್ದಾಗ ಕಾಪೂ ಜಾರುತ್ತದೆ. ಹೆಗಲಿಗೆ ಪಟ್ಟಿ, ಸೊಂಟಕ್ಕೆ ಬೆಲ್ಟು ಬಿಗಿದು ಕಟ್ಟಿಕೊಳ್ಳುವಂಥದ್ದು ಇನ್ನೊಂದು. ಇದು ಜಾಗ ಬಿಡುವುದಿಲ್ಲ, ಹೆಚ್ಚು ಭಾಗ ಮುಚ್ಚುತ್ತದೆ, ಆದರೆ ಬೆವರು ಹೆಚ್ಚು. ದಿನಕ್ಕೆ ನಾಲ್ಕು ಕಡೆ ಇಳಿದು ಹತ್ತುವವನು ಕಟ್ಟುವ ಬಗೆಯನ್ನು ಎರಡು ವಾರ ಹಾಕಿ ಮೂರನೇ ವಾರ ಮನೆಯಲ್ಲೇ ಬಿಡುತ್ತಾನೆ. ಗೋಡೆಯ ಮೊಳೆಗೆ ತೂಗಿದ ಎರಡನೇ ಲೆವೆಲ್ಲಿಗಿಂತ ಮೈಮೇಲಿರುವ ಒಂದನೇ ಲೆವೆಲ್ ಮೇಲು. ಆದ್ದರಿಂದ ದಿನದ ಬಳಕೆಗೆ ಮೈಗೆ ಸರಿಯಾಗಿ ಕೂರುವ ಜಾಳಿಗೆಯ ಜಾಕೀಟು, ಅದರೊಳಗೆ ತೂತುಗಳಿರುವ ಮೆತ್ತನೆಯ ಎರಡನೇ ಲೆವೆಲ್ಲಿನ ಕಾಪು, ಇದು ನಮ್ಮ ಸಲಹೆ. ದೂರದ ಪ್ರಯಾಣ ಹೆಚ್ಚಿರುವವರು ಕಟ್ಟುವ ಬಗೆಯನ್ನು ನೋಡಬಹುದು.

ಅಳತೆ ಎತ್ತರದಿಂದಲ್ಲ, ಬೆನ್ನಿನ ಉದ್ದದಿಂದ. ಭುಜದಿಂದ ಸೊಂಟದವರೆಗೆ ಟೇಪು ಹಿಡಿದು ಅಳೆದು ಲೇಬಲ್ಲಿನ ಸೆಂಟಿಮೀಟರಿಗೆ ತಾಳೆ ನೋಡಿ. ತೊಟ್ಟುಕೊಂಡು ಬೈಕಿನ ಮೇಲೆ ಕೂತು ನೋಡಿ. ಮೇಲಂಚು ಹೆಲ್ಮೆಟ್ಟಿಗೆ ತಾಗಬಾರದು, ಕೆಳಗಿನದು ಸೀಟಿಗೆ ಒತ್ತಬಾರದು. ಅಣ್ಣನದನ್ನು ತಮ್ಮ ಹಾಕಿಕೊಳ್ಳುವ ಉಳಿತಾಯ ಇಲ್ಲಿ ನಡೆಯದು. ಹಿಂದೆ ಕೂರುವ ಮಡದಿಯ ಬೆನ್ನಿಗೂ ಇದೇ ಮಾತು ಸಲ್ಲುತ್ತದೆ.

ಚರ್ಮವಿಲ್ಲದೆ

ರೈಡಿಂಗ್ ಜಾಕೀಟೆಂದರೆ ಚರ್ಮದ್ದೇ, ನಮಗೆ ಅದು ಸಲ್ಲದು ಎಂದು ಹಲವು ಮನೆಗಳಲ್ಲಿ ಈ ವಿಷಯವನ್ನೇ ಕೈಬಿಟ್ಟಿದ್ದಾರೆ. ಹಾಗೆ ಬಿಡಬೇಕಾಗಿಲ್ಲ. ಬೆನ್ನುಕಾಪು ಫೋಮು, ಪ್ಲಾಸ್ಟಿಕ್ಕುಗಳಿಂದ ಆದದ್ದು. ಜಾಕೀಟು ನೈಲಾನ್, ಪಾಲಿಯೆಸ್ಟರಿನಲ್ಲಿ ಧಾರಾಳವಾಗಿ ಸಿಗುತ್ತದೆ. ಡೆನಿಯರ್ ಎಂದರೇನೆಂದು ನೂಲಿನ ವ್ಯಾಪಾರದವರಿಗೆ ಹೇಳಿಕೊಡಬೇಕಾಗಿಲ್ಲ. 500, 600 ಡೆನಿಯರಿನ ದಪ್ಪ ನೇಯ್ಗೆ ಕೇಳಿ. ತಿರುಪ್ಪೂರಿನ ಹೆಣೆದ ಹತ್ತಿ ಬನಿಯನ್ನು ಮೈಗೆ ಎಷ್ಟು ಹಿತವಾದರೂ ಡಾಂಬರಿನ ಮೇಲೆ ಕ್ಷಣವೂ ನಿಲ್ಲದು. ಕಾಲರಿನಲ್ಲಿ, ಜಿಪ್ಪಿನ ತುದಿಯಲ್ಲಿ, ಕೈಗವಸಿನ ಅಂಗೈಯಲ್ಲಿ ಚರ್ಮದ ತುಂಡು ಹೊಲಿದಿರುವುದುಂಟು. ಅದನ್ನೂ ಕೇಳಿಯೇ ಕೊಳ್ಳಿ.

ಚೀಲ ಮತ್ತು ಸಂಜೆಯ ಆತುರ

ಬೆನ್ನ ಮೇಲಿನ ಚೀಲದಲ್ಲಿ ಸ್ಟೀಲಿನ ಡಬ್ಬಿ, ಬೀಗ, ಚಾರ್ಜರು ಇಟ್ಟು ಬೈಕ್ ಓಡಿಸುವುದು ಬೆನ್ನಿಗೆ ಕಲ್ಲು ಕಟ್ಟಿಕೊಂಡಂತೆ. ಬಿದ್ದಾಗ ಮೊದಲ ಪೆಟ್ಟು ಅವುಗಳದ್ದೇ. ಗಟ್ಟಿ ವಸ್ತುಗಳನ್ನು ಗಾಡಿಯ ಪಕ್ಕದ ಪೆಟ್ಟಿಗೆಗೆ ಹಾಕಿ.

ಇನ್ನು ನಮ್ಮ ಮನೆಗಳಿಗೇ ವಿಶೇಷವಾದ ಒಂದು ಮಾತು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ನಿಯಮವಿರುವ ಹುಡುಗ ಐದೂವರೆಗೆ ತಿರುಪ್ಪೂರಿನಲ್ಲಿ ಲೆಕ್ಕ ಮುಗಿಸಿ ಪಲ್ಲಡಮ್ಮಿಗೆ ಹೊರಡುತ್ತಾನೆ. ಅದೇ ಹೊತ್ತಿಗೆ ಬನಿಯನ್ ಕಂಪನಿಗಳ ವ್ಯಾನು, ಬಸ್ಸು, ನೂಲಿನ ಲಾರಿ ಎಲ್ಲ ರಸ್ತೆಯಲ್ಲಿರುತ್ತವೆ. ಎದುರಿಗೆ ಇಳಿಬಿಸಿಲು, ತಲೆಯಲ್ಲಿ ಗಡಿಯಾರ. ಆ ಆತುರಕ್ಕೆ ಯಾವ ಲೆವೆಲ್ಲಿನ ಕಾಪೂ ಸಾಲದು. ಬೆಳಿಗ್ಗೆಯೇ ಸಂಜೆಯ ಬುತ್ತಿಯನ್ನೂ ಕಟ್ಟಿಕೊಡಿ. ಹೊರಡುವ ಮೊದಲು ಅಂಗಡಿಯಲ್ಲೇ ಉಂಡು, ನೀರು ಕುಡಿದು, ನಿಧಾನವಾಗಿ ಬರಲಿ. ನಿಯಮವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಕೊಂಡ ಮೇಲೆ

ಒಮ್ಮೆ ಬಲವಾದ ಪೆಟ್ಟು ತಿಂದ ಕಾಪನ್ನು ಮೇಲುನೋಟಕ್ಕೆ ಚೆನ್ನಾಗಿದ್ದರೂ ಬದಲಿಸಿ. ಜಾಕೀಟು ಒಗೆಯುವಾಗ ಕಾಪನ್ನು ಹೊರಗೆ ತೆಗೆಯಿರಿ, ಬಿಸಿಲಿಗೆ ಒಣಹಾಕಬೇಡಿ. ಎಷ್ಟು ವರ್ಷ ಬಾಳಿಕೆ ಎಂಬುದು ಜೊತೆಯ ಪುಸ್ತಿಕೆಯಲ್ಲಿರುತ್ತದೆ. ಕೊಂಡ ತಾರೀಖನ್ನು ಅದರ ಒಳಮೈ ಮೇಲೆ ಬರೆದಿಡಿ.

ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ, ಅವರು ಬೆನ್ನುಕಾಪು ತೊಟ್ಟಿದ್ದರೆ, ಅದನ್ನು ಎಳೆದು ತೆಗೆಯಬೇಡಿ. ಎತ್ತಿ ಕೂರಿಸಬೇಡಿ, ಆಟೋದಲ್ಲಿ ಮಡಿಸಿ ಮಲಗಿಸಬೇಡಿ. ಅಲ್ಲಾಡದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ. ಅವಸರದಲ್ಲಿ ಎತ್ತಿದರೆ ಬೆನ್ನುಹುರಿಗೆ ಇನ್ನಷ್ಟು ಪೆಟ್ಟಾಗಬಹುದು.

ಒಳ್ಳೆಯ ಕಾಪಿಗೆ ಕೆಲವು ಸಾವಿರ ರೂಪಾಯಿ ಆಗುತ್ತದೆ. ಹೊಸ ಬೈಕಿನ ಬೆಲೆಯ ಮುಂದೆ ಇದು ಚಿಲ್ಲರೆ. ಬೈಕಿನ ಪೂಜೆಗೆ ನಿಂಬೆಹಣ್ಣು ತರುವ ದಿನವೇ ಇದನ್ನೂ ತನ್ನಿ.