ಹೆಸರು ನೋಡಿ ಅಲ್ಲ, ಆಸನ ನೋಡಿ

ಸೊಲ್ಲಾಪುರದ ವಾಚಕರೊಬ್ಬರು ನಮಗೆ ಹೀಗೆ ಬರೆದಿದ್ದಾರೆ: "ತಂದೆ-ತಾಯಿಯನ್ನು ತಂಗಿಯ ಮನೆಗೆ, ಅಮೇರಿಕೆಯ ನ್ಯೂಜೆರ್ಸಿಗೆ ಕಳಿಸಬೇಕಾಗಿದೆ. ತಂದೆಯವರಿಗೆ ಮೊಣಕಾಲು ನೋವು. ಖರ್ಚಾದರೂ ಚಿಂತೆಯಿಲ್ಲ, ಬಿಸಿನೆಸ್ ಕ್ಲಾಸಿನಲ್ಲೇ ಕಳಿಸೋಣವೆಂದಿದ್ದೇವೆ. ಯಾವ ಕಂಪನಿಯ ವಿಮಾನ ಒಳ್ಳೆಯದು, ತಿಳಿಸಿರಿ."

ವಾಚಕ ಬಂಧುಗಳೇ, ಇದು ಈಗ ನಮ್ಮ ಎಷ್ಟೋ ಮನೆಗಳ ಪ್ರಶ್ನೆ. ಸಾದಾ ದರ್ಜೆಯ ಎರಡೂವರೆ ಪಟ್ಟು, ಕೆಲವೊಮ್ಮೆ ನಾಲ್ಕು ಪಟ್ಟು ಹಣ ಕೊಡುವಾಗ ಕೊಂಡದ್ದೇನು ಎಂಬುದು ನಮಗೆ ಗೊತ್ತಿರಬೇಕು. ಅಂಗಡಿಯಲ್ಲಿ ಗಂಟಿನ ಮೇಲಿನ ಮುದ್ರೆ ನೋಡಿ ನಾವು ಮಾಲು ಇಳಿಸಿಕೊಳ್ಳುವುದಿಲ್ಲ. ಬಿಚ್ಚಿ, ಮುಟ್ಟಿ ನೋಡುತ್ತೇವೆ. ಟಿಕೆಟ್ಟನ್ನು ಮಾತ್ರ ಹೆಸರು ನೋಡಿ ಕೊಳ್ಳುತ್ತೇವೆ. ನಾವೂ ಹಾಗೆಯೇ ಕೊಂಡು ಪಾಠ ಕಲಿತೆವು.

ಮೊಮ್ಮಗಳು ಹುಟ್ಟಿದಾಗ ನಮ್ಮ ಅವ್ವನನ್ನು ಒಂದು ದೊಡ್ಡ ಹೆಸರಿನ ಕಂಪನಿಯ ಬಿಸಿನೆಸ್ ಕ್ಲಾಸಿನಲ್ಲಿ ಕಳಿಸಿದ್ದೆವು. ಆಗ ಅವಳಿಗೆ ಎಪ್ಪತ್ನಾಲ್ಕು. ಅಲ್ಲಿ ಇಳಿದಾಗ ಕಾಲು ಬಾತು ಚಪ್ಪಲಿಯೇ ಹಿಡಿಯಲಿಲ್ಲ. ಕಾರಣ ಕೇಳಿದರೆ, "ನಡುವಿನ ಸೀಟು ಕೊಟ್ಟಿದ್ರು. ಎರಡೂ ಕಡೆ ಮಂದಿ ಮಲಗಿದ್ರು. ಅವರನ್ನ ದಾಟಿ ಹೋಗೋದು ಹ್ಯಾಂಗ? ಏಳೋದೇ ಬ್ಯಾಡಂತ ನೀರೇ ಕುಡೀಲಿಲ್ಲಪಾ" ಎಂದಳು. ಎರಡನೆಯ ವಿಮಾನದಲ್ಲಿ ಬಂದ ಊಟದಲ್ಲಿ ಉಳ್ಳಾಗಡ್ಡಿ ಇತ್ತಂತೆ. ಹದಿನಾಲ್ಕು ತಾಸು ಅವಳು ಕಳೆದದ್ದು ಚೀಲದಲ್ಲಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಮೇಲೆ. ನಾವು ತೆತ್ತ ಹಣ ಅವಳ ಕಾಲಿಗೂ ಮುಟ್ಟಲಿಲ್ಲ, ಹೊಟ್ಟೆಗೂ ಮುಟ್ಟಲಿಲ್ಲ.

ಆದ್ದರಿಂದ ಮೊದಲ ಮಾತು ಆಸನದ್ದು. ಬಿಸಿನೆಸ್ ಕ್ಲಾಸಿನಲ್ಲಿ ಪೂರ್ತಿ ಚಪ್ಪಟೆಯಾಗುವ ಹಾಸಿಗೆಯನ್ನು ಬ್ರಿಟಿಷ್ ಏರ್‌ವೇಸ್ 2000 ರಲ್ಲಿ ತಂದಿತು. ಉದ್ದ ಹಾದಿಯಲ್ಲಿ ಈಗ ಹೆಚ್ಚಿನವರು ಅದನ್ನು ಕೊಡುತ್ತಾರೆ. ವ್ಯತ್ಯಾಸವಿರುವುದು ಸಾಲಿನಲ್ಲಿ. 1-2-1 ಎಂದರೆ ಕಿಟಕಿಗೆ ಒಂದು, ನಡುವೆ ಎರಡು, ಆ ಕಿಟಕಿಗೆ ಒಂದು. ಯಾರೂ ಯಾರನ್ನೂ ದಾಟಬೇಕಾಗಿಲ್ಲ. 2-3-2 ಎಂದರೆ ಅವ್ವನಿಗಾದದ್ದೇ ಗತಿ. ಒಂದೇ ಕಂಪನಿಯಲ್ಲಿ ಎರಡೂ ಇರಬಹುದು. ಎಮಿರೇಟ್ಸ್‌ನ ಏರ್‌ಬಸ್ ಎ380 ವಿಮಾನದ ಮೇಲಂತಸ್ತಿನಲ್ಲಿ 1-2-1 ಸಾಲು. ಅದೇ ಕಂಪನಿಯ ಹಳೆಯ ವಿನ್ಯಾಸದ ಬೋಯಿಂಗ್ 777 ರಲ್ಲಿ 2-3-2. ಏರ್ ಇಂಡಿಯಾ 2024 ರಲ್ಲಿ ತಂದ ಎ350 ರಲ್ಲಿ ಬಾಗಿಲಿರುವ 28 ಆಸನಗಳು, 1-2-1 ಸಾಲಿನಲ್ಲಿ. ಅದರ ಹಳೆಯ 777 ಗಳಲ್ಲಿ ಇದ್ದದ್ದು 2-3-2. ಕತಾರ್ ಏರ್‌ವೇಸ್ 2017 ರಲ್ಲಿ ತಂದ 'ಕ್ಯೂಸೂಟ್'ನಲ್ಲಿ ನಡುವಿನ ಕೆಲವು ಆಸನಗಳು ಕೂಡಿ ಜೋಡಿ ಹಾಸಿಗೆಯಾಗುತ್ತವೆ. ವಯಸ್ಸಾದ ದಂಪತಿಗೆ ಬಲು ಅನುಕೂಲ. ಆದರೆ ಅದು ಅವರ ಎಲ್ಲ ವಿಮಾನಗಳಲ್ಲೂ ಇಲ್ಲ. ಏಜೆಂಟರಲ್ಲಿ "ಯಾವ ಕಂಪನಿ" ಎನ್ನುವ ಮೊದಲು "ಯಾವ ವಿಮಾನ, ಯಾವ ಸಾಲು" ಎಂದು ಕೇಳಿರಿ. ಚರ್ಮ ಮುಟ್ಟದವರು ಆಸನದ ಹೊದಿಕೆ ಚರ್ಮದ್ದೋ ಬಟ್ಟೆಯದೋ ಎಂಬುದನ್ನೂ ವಿಚಾರಿಸಬೇಕು. ಈ ದರ್ಜೆಯಲ್ಲಿ ಚರ್ಮದ ಬಳಕೆ ಹೆಚ್ಚು.

ಎರಡನೆಯದು ಊಟ. 'ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಸಾಲದು. ವಿಮಾನದವರಲ್ಲಿ ಊಟಕ್ಕೊಂದು ಗುರುತಿನ ಅಕ್ಷರಗಳಿವೆ. 'ವಿಜೆಎಂಎಲ್' ಎಂದರೆ ಜೈನ ಊಟ. ಕಂದಮೂಲ, ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ್ದು. 'ಎವಿಎಂಎಲ್' ನಮ್ಮ ದೇಶದ ರೀತಿಯ ಸಸ್ಯಾಹಾರವೇ, ಆದರೆ ಆಲೂಗಡ್ಡೆ, ಉಳ್ಳಾಗಡ್ಡಿ ಇರಬಹುದು. 'ಹಿಂದೂ ಊಟ' ಎಂಬ ಹೆಸರಿಗೆ ಮರುಳಾಗಬೇಡಿರಿ. ಅದರಲ್ಲಿ ಮಾಂಸವಿರುವುದು ಸಾಮಾನ್ಯ. ಎಮಿರೇಟ್ಸ್, ಕತಾರ್, ಸಿಂಗಾಪುರ ಏರ್‌ಲೈನ್ಸ್, ಏರ್ ಇಂಡಿಯಾ ಜೈನ ಊಟ ಕೊಡುತ್ತವೆ. ಕಡಿಮೆಯೆಂದರೂ 24 ತಾಸು ಮುಂಚೆ ಹೇಳಬೇಕು. ಎರಡು ದಿನ ಮುಂಚೆ ಹೇಳುವುದು ಕ್ಷೇಮ. ವಿಮಾನ ಬದಲಿಸುವವರು ಎರಡೂ ವಿಮಾನಗಳಿಗೆ ಬೇರೆ ಬೇರೆಯಾಗಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಒಂದು ಕಂಪನಿಯ ಟಿಕೆಟ್ಟಿನಲ್ಲಿ ಇನ್ನೊಂದರ ವಿಮಾನ ಹತ್ತುವಂತಿದ್ದರೆ ಆ ಎರಡನೆಯವರಿಗೂ ಫೋನು ಮಾಡಿರಿ. ಅವ್ವನ ವಿಷಯದಲ್ಲಿ ನಾವು ತಪ್ಪಿದ್ದು ಇಲ್ಲಿಯೇ.

ಮೂರನೆಯದು ಹೊತ್ತು. ರಾತ್ರಿ ಉಣ್ಣದ ಹಿರಿಯರಿಗೆ ಇದೇ ದೊಡ್ಡದು. ಬೆಳಿಗ್ಗೆ ಹೊರಟು ಪಶ್ಚಿಮಕ್ಕೆ ಹೋಗುವ ವಿಮಾನದ ಜೊತೆ ಹಗಲೂ ಸಾಗುತ್ತದೆ. ಉಣ್ಣಲು ಬೇಕಾದಷ್ಟು ಬೆಳಕು. ಮರಳಿ ಪೂರ್ವಕ್ಕೆ ಬರುವಾಗ ಕತ್ತಲೆ ಬೇಗ ಕವಿಯುತ್ತದೆ. ಆಗ ಬಿಸಿನೆಸ್ ಕ್ಲಾಸಿನ ಒಂದು ಸವಲತ್ತು ನಿಜವಾಗಿ ಉಪಯೋಗಕ್ಕೆ ಬರುತ್ತದೆ: ಕತಾರ್‌ನಂಥ ಕಂಪನಿಗಳಲ್ಲಿ ಕೇಳಿದ ಹೊತ್ತಿಗೆ ಊಟ ಕೊಡುತ್ತಾರೆ. ಬೇರೆಡೆಯೂ ಹತ್ತಿದೊಡನೆ ಪರಿಚಾರಕಿಗೆ ವಿನಯದಿಂದ ಹೇಳಿಟ್ಟರೆ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಆಕಾಶದಲ್ಲಿ ಯಾವ ಊರಿನ ಸೂರ್ಯಾಸ್ತ ಹಿಡಿಯಬೇಕೆಂಬುದು ಅವರವರ ನಿಯಮ. ಮನೆಯ ಹಿರಿಯರನ್ನು ಕೇಳಿಯೇ ವಿಮಾನದ ವೇಳೆ ಗೊತ್ತುಮಾಡಿರಿ.

ಕೊನೆಯದು ಲೆಕ್ಕ. ಮುಂಬಯಿಯಿಂದ ದುಬೈಗೆ ಸುಮಾರು ಮೂರು ತಾಸು. ಅಲ್ಲಿಂದ ನ್ಯೂಯಾರ್ಕಿಗೆ ಸುಮಾರು ಹದಿನಾಲ್ಕು. ಮೂರು ತಾಸಿಗೆ ಹಾಸಿಗೆ ಬೇಕಿಲ್ಲ. ಉದ್ದದ ಹಾದಿಗಷ್ಟೇ ಬಿಸಿನೆಸ್ ಕ್ಲಾಸು ಕೊಂಡರೆ ಎಷ್ಟಾಗುತ್ತದೆಂದು ಒಮ್ಮೆ ಕೇಳಿ ನೋಡಿರಿ. ಎಲ್ಲ ಸಲವೂ ಅಗ್ಗವಾಗದು, ಕೆಲವು ಸಲ ಚೆನ್ನಾಗಿ ಉಳಿಯುತ್ತದೆ. 2025 ರ ಸೆಪ್ಟೆಂಬರ್ 22 ರಿಂದ ಬಿಸಿನೆಸ್ ಕ್ಲಾಸಿನ ಜಿಎಸ್‌ಟಿ ಶೇಕಡಾ 12 ರಿಂದ 18 ಕ್ಕೆ ಏರಿದೆ. ಸಾದಾ ದರ್ಜೆಗೆ 5 ಮಾತ್ರ. ಪೇಢಿಯ ವ್ಯಾಪಾರಕ್ಕಾಗಿ ಹೋಗುವವರು ಜಿಎಸ್‌ಟಿ ಸಂಖ್ಯೆ ಬರೆಸಿ ತೆರಿಗೆ ಜಮಾ ಪಡೆಯಬಹುದು. ತಂದೆ-ತಾಯಿಯ ಮನೆಯ ಪ್ರಯಾಣವನ್ನು ಪೇಢಿಯ ಖಾತೆಗೆ ಬರೆಯಬಾರದು, ಅದು ನಮ್ಮವರಿಗೆ ಹೇಳಬೇಕಾದದ್ದಲ್ಲ.

ಇನ್ನು ಸೊಲ್ಲಾಪುರದ ಬಂಧುಗಳಿಗೆ ನಮ್ಮ ಉತ್ತರ. ನೀವು ಹೋಗುವ ದಿನ ಮುಂಬಯಿಯಿಂದ ನೇರ ವಿಮಾನವಿದ್ದು ಅದರಲ್ಲಿ 1-2-1 ಸಾಲಿದ್ದರೆ ಅದನ್ನೇ ಹಿಡಿಯಿರಿ. ದೊಡ್ಡ ನಿಲ್ದಾಣದಲ್ಲಿ ನಡೆಯುವುದು ತಪ್ಪಿದರೆ ಮೊಣಕಾಲಿಗೆ ಅದಕ್ಕಿಂತ ಉಪಕಾರವಿಲ್ಲ. ಇಲ್ಲವಾದರೆ ದೋಹಾ ಅಥವಾ ದುಬೈ ಹಾದಿ, ನಡುವೆ ಎರಡರಿಂದ ನಾಲ್ಕು ತಾಸು ಬಿಡುವಿರಲಿ. ನಡುವಿನ ಜೋಡಿ ಆಸನ ಇಬ್ಬರಿಗೂ ಮೊದಲೇ ಬರೆಸಿರಿ. ಗಾಲಿಕುರ್ಚಿ ಕೇಳಿರಿ, ಅದಕ್ಕೆ ಹಣವಿಲ್ಲ, ನಾಚಿಕೆಯೂ ಬೇಡ. ಎಷ್ಟೇ ವ್ಯವಸ್ಥೆಯಿದ್ದರೂ ಕಡಕ್ ರೊಟ್ಟಿಯ ಗಂಟೊಂದು ಕೈಚೀಲದಲ್ಲಿರಲಿ.

ಹೊರಡುವ ಹಿಂದಿನ ದಿನ ಅವರನ್ನು ಕೂಡಿಸಿಕೊಂಡು ಒಂದು ಮಾತು ಹೇಳಿರಿ: ನೀರು ಕುಡಿಯಿರಿ, ತಾಸಿಗೊಮ್ಮೆ ಎದ್ದು ಅಡ್ಡಾಡಿರಿ, ಬೇಕಾದದ್ದನ್ನು ಕೇಳಿರಿ. ನಮ್ಮ ಹಿರಿಯರು ಇನ್ನೊಬ್ಬರಿಗೆ ತೊಂದರೆಯಾದೀತೆಂದು ಸುಮ್ಮನೆ ಕುಳಿತುಬಿಡುತ್ತಾರೆ. ಅವ್ವ ಈ ವರ್ಷ ಮತ್ತೆ ಹೋಗಿದ್ದಳು, ಕಿಟಕಿಯ ಒಂಟಿ ಆಸನದಲ್ಲಿ. ಇಳಿದೊಡನೆ ಫೋನು ಮಾಡಿ, "ಚಪ್ಪಲಿ ಹಿಡಿಸ್ಯಾವಪಾ" ಎಂದಳು.